ಬಾಣಾವರದಲ್ಲಿ ಮಿಂಚಿರಲಿಲ್ಲ

ಮಾಮನ ಎಡ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ರಾಗಿಕಾಳಿನಷ್ಟು ದಪ್ಪದ ಐದಾರು ಕಪ್ಪು ಕಲೆಗಳಿದ್ದವು. ಬೆಸುಗೆ ಹಾಕುವಾಗ ಸಿಡಿದ ಸೀಸ ಸುಟ್ಟು ಉಳಿಸಿದ ಕಲೆಗಳು. ಆ ಅಂಗೈಯನ್ನು ನಾನು ತೀರ ಹತ್ತಿರದಿಂದ ಬಲ್ಲೆ. ನನಗೆ ಹನ್ನೊಂದು ವರ್ಷವಿದ್ದಾಗ ಅದು ಎಷ್ಟೋ ಸಲ ನನ್ನ ಕಣ್ಣಿಗೆ ಅಡ್ಡ ಬಂದಿದೆ. "ಕಡೂರು ಬಂತು, ಕಣ್ಮುಚ್ಚು ಮಗ" ಎಂದು ಕೂಗಿ, ನಾನು ಮುಚ್ಚುವುದರೊಳಗೆ ಅವರೇ ಮುಚ್ಚಿಬಿಡುತ್ತಿದ್ದರು. ಸೀಸದ ವಾಸನೆ, ನಶ್ಯದ ವಾಸನೆ, ಕೆಳಗಿನ ಮಂಡಿಯಿಂದ ಏರಿ ಬರುವ ಕೊಬ್ಬರಿಯ ವಾಸನೆ. ಆ ಕತ್ತಲೆಯಲ್ಲಿ, ಆಟದ ಪರದೆಯ ಮಿಂಚು ಈಗ ಬರುತ್ತದೋ ಇನ್ನೊಂದು ಗಳಿಗೆಗೆ ಬರುತ್ತದೋ ಎಂದು ಕಾಯುತ್ತಿದ್ದೆ.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ, ಕೊಬ್ಬರಿ ಮಂಡಿಯ ಮಹಡಿ ಮೇಲೆ ಅವರ ವಿಡಿಯೊ ಗೇಮ್ ಅಂಗಡಿ. ಮೊದಲು ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದರಂತೆ. ಯಾರೋ ಕೆಟ್ಟಿದೆ ಎಂದು ಬಿಟ್ಟುಹೋದ ಗೇಮಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಸರಿ ಮಾಡಿದರು, ಆಮೇಲೆ ಅದೇ ಕಸುಬಾಯಿತು. ಊರಿನ ಮಕ್ಕಳಿಗೆಲ್ಲ ಅವರು ಮಾಮ. ನನಗೂ ಮಾಮ.

ನನಗೆ ಮೂರ್ಛೆ ರೋಗವಿದೆ. ಇದನ್ನು ಹೀಗೆ ಒಂದು ಸಾಲಿನಲ್ಲಿ ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಹಿಡಿಯಿತು. ನಮ್ಮ ಮನೆಯಲ್ಲಿ ಆ ಮಾತನ್ನೇ ಎತ್ತುವಂತಿರಲಿಲ್ಲ. "ಯಾರ್ ಕೇಳಿದ್ರೂ ತಲೆನೋವು ಅನ್ನು. ಹೆಣ್ಣು ಮಗು ನೀನು, ಗೊತ್ತಾದ್ರೆ ನಾಳೆ ಯಾರ್ ಮಾಡ್ಕೋತಾರೆ?" ಎಂದು ಅಮ್ಮ ಕಲಿಸಿಕೊಟ್ಟಿದ್ದಳು. ಗುಳಿಗೆಯನ್ನು ಹಾಸನದಿಂದಲೇ ತರಬೇಕು, ಅರಸೀಕೆರೆಯ ಅಂಗಡಿಯವನಿಗೆ ತಿಳಿಯಬಾರದು. ಸೈಕಲ್ ಬೇಡ, ಕೆರೆ ಏರಿ ಬೇಡ, ಒಲೆಯ ಹತ್ತಿರ ಬೇಡ. ಇಡೀ ಶಾಲೆ ಬೇಲೂರು ಹಳೇಬೀಡು ನೋಡಲು ಬಸ್ಸು ಹತ್ತಿದ ದಿನ ನಾನು ಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ಆ ಸಿಟ್ಟು ಇನ್ನೂ ಆರಿಲ್ಲ.

ಇಂಥವಳು ಟ್ಯೂಷನ್ ಹೆಸರು ಹೇಳಿ ಗೇಮಿನ ಅಂಗಡಿ ಮೆಟ್ಟಿಲು ಹತ್ತಿದ್ದು ಲಾಟೀನ್ ಕುಳ್ಳನಿಗಾಗಿ. ಆಟದಲ್ಲಿದ್ದ ಬೊಂಬೆಗೆ ನಮ್ಮ ಊರಿನ ಮಕ್ಕಳು ಇಟ್ಟ ಹೆಸರು ಅದು. ನಿಜವಾದ ಹೆಸರು ಡಬ್ಬಿಯ ಮೇಲೆ ಯಾವುದೋ ಭಾಷೆಯಲ್ಲಿತ್ತು, ಯಾರಿಗೂ ಓದಲು ಬರುತ್ತಿರಲಿಲ್ಲ. ಒಬ್ಬ ಗಿಡ್ಡ ಮನುಷ್ಯ, ಕೈಯಲ್ಲಿ ಲಾಟೀನು, ಒಂದಾದ ಮೇಲೊಂದು ಗವಿ ದಾಟಿ ಮನೆ ಸೇರಬೇಕು. ದಾರಿಯಲ್ಲಿ ಎಣ್ಣೆ ಹೆಕ್ಕಿಕೊಳ್ಳುತ್ತಿರಬೇಕು. ಎಣ್ಣೆ ತೀರಿದರೆ ಪರದೆ ಕಪ್ಪಾಗುತ್ತದೆ, ಆಮೇಲೆ ಪಟಪಟ ಮಿಂಚು ಹೊಡೆಯುತ್ತದೆ, ಆ ಮಿಂಚಿನಲ್ಲೇ ದಾರಿ ನೋಡಿಕೊಳ್ಳಬೇಕು. ಯಾರೂ ಬೇಡ ಎನ್ನದೆ, ಯಾರೂ ಕೈ ಹಿಡಿಯದೆ ಅವನು ಒಬ್ಬನೇ ನಡೆಯುತ್ತಿದ್ದ. ನನಗೆ ಅಷ್ಟು ಸಾಕಿತ್ತು.

ಮೊದಲ ದಿನವೇ ಆ ಮಿಂಚಿನ ಮುಂದೆ ನನ್ನ ಬಾಯಿಯ ಒಂದು ಪಕ್ಕ ಅದುರಲು ಶುರುವಾಯಿತಂತೆ. ನನಗೆ ನೆನಪಿರುವುದು ನಾಲಿಗೆಯ ಮೇಲೆ ನಾಣ್ಯದ ರುಚಿ ಮತ್ತು ಹೊಟ್ಟೆಯಿಂದ ಮೇಲೇರಿದ ಭಯ, ಅಷ್ಟೇ. ಮಾಮ ಸ್ವಿಚ್ಚು ಆರಿಸಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಉಳಿದ ಮಕ್ಕಳೆಲ್ಲ ಕೆಳಗಿಳಿದ ಮೇಲೆ ಮೆಲ್ಲಗೆ ಕೇಳಿದರು.

"ಗುಳಿಗೆ ತಗತೀಯೇನವ್ವಾ?"

ಯಾರಿಗೂ ಹೇಳಬಾರದ ಮಾತು. ನಾನು ಅಳಲು ಶುರುಮಾಡಿದೆ. ಅವರು ಹಳೇಬೀಡಿನ ಹತ್ತಿರದ ಹುಲಿಕೆರೆಯವರು. "ನನ್ ತಂಗೀಗೂ ಇತ್ತು ಕಣ್ ಮಗ. ಯಾರ್ಗೂ ಹೇಳ್ದೆ ಮುಚ್ಚಿಟ್ಟಿದ್ವಿ. ನೀರಿಗೆ ಅಂತ ಒಬ್ಳೇ ಹೋದ್ಲು, ತಿರುಗಿ ಬರ್ಲಿಲ್ಲ" ಎಂದರು.

ಇನ್ನು ಬರಬೇಡ ಎಂದು ಗದರಿಸಿ ಕಳಿಸಿದರು. ನಾನು ನೆಟ್ಟಗೆ ಬಸ್ ಸ್ಟ್ಯಾಂಡಿನ ಬಳಿಯ ಇನ್ನೊಂದು ಅಂಗಡಿಗೆ ಹೋಗಿ ನಿಂತೆ. ಅಲ್ಲಿಂದ ಅವರೇ ಕರೆದುಕೊಂಡು ಬಂದರು. ಮೆಟ್ಟಿಲ ಮೇಲೆ ನಿಂತು ನಶ್ಯ ಏರಿಸಿ, "ಬ್ಯಾಡ ಅಂದ್ರೆ ಅಲ್ಲೋಗ್ತೀಯ. ಇಲ್ಲಾದ್ರೆ ನಾನಿರ್ತೀನಿ" ಎಂದರು. ಅದು ಬುದ್ಧಿವಂತಿಕೆಯ ಮಾತಲ್ಲವೆಂದು ಈಗ ನನಗೆ ಗೊತ್ತು. ಯಾವ ಡಾಕ್ಟರೂ ಒಪ್ಪುವುದಿಲ್ಲ. ನನ್ನ ಮಗಳಿಗಾದರೆ ನಾನೂ ಒಪ್ಪುವುದಿಲ್ಲ.

ಅಂದಿನಿಂದ ಅವರಿಗೆ ಹೊಸದೊಂದು ಕೆಲಸ ಹತ್ತಿಕೊಂಡಿತು. ಅಂಗಡಿಗೆ ಯಾವ ಹೊಸ ಮೆಷಿನ್ ಬರಲಿ, ಅದರಲ್ಲಿ ಲಾಟೀನ್ ಕುಳ್ಳನಿದ್ದರೆ ಮೊದಲು ತಾವೇ ಕೂತು ಪೂರ್ತಿ ಆಡುವುದು. ಎಲ್ಲಿ ಮಿಂಚು ಬರುತ್ತದೆ, ಎಲ್ಲಿ ಪರದೆ ಮಿಣುಕುತ್ತದೆ ಎಂದು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುವುದು. ಗವಿಗಳಿಗೆ ಹೆಸರಿಲ್ಲವಲ್ಲ, ಅದಕ್ಕೆ ನಮ್ಮ ರೈಲಿನ ದಾರಿಯ ಊರುಗಳನ್ನೇ ಇಟ್ಟಿದ್ದರು. ಮೊದಲನೆಯ ಗವಿ ಬಾಣಾವರ. ಅದರಾಚೆಯದು ಕಡೂರು, ಆಮೇಲೆ ಬೀರೂರು. ಬಾಣಾವರದ ತುಂಬ ಎಣ್ಣೆ, ಅಲ್ಲಿ ಮಿಂಚು ಬರುವುದೇ ಇಲ್ಲ. ಕಡೂರಿನಲ್ಲಿ ಮಾತ್ರ ಎಣ್ಣೆ ಇರಲಿ ಬಿಡಲಿ ಗುಡುಗು ಮಿಂಚು. ಯಾವ ಮೆಷಿನ್ನಿನಲ್ಲೂ ಅದು ತಪ್ಪಿದ್ದಲ್ಲ.

ಮೊದಲನೆಯದು ನಾಣ್ಯ ಹಾಕಿ ನಿಂತು ಆಡುವ ಮರದ ಪೆಟ್ಟಿಗೆ. ಅದರಲ್ಲಿ ಕುಳ್ಳ ಎಂದರೆ ಏಳೆಂಟು ಚೌಕ, ಲಾಟೀನೆಂದರೆ ಒಂದು ಹಳದಿ ಚುಕ್ಕೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಟಿ.ವಿ.ಗೆ ಸಿಕ್ಕಿಸಿ ಕ್ಯಾಸೆಟ್ ಹಾಕುವ ಮೆಷಿನ್ ಬಂತು. ಕುಳ್ಳನಿಗೆ ಕಣ್ಣು, ಬೂಟು ಬಂದವು. ಕಾಲೇಜಿಗೆ ಹೋಗುವಾಗ ಬಂದದ್ದು ಸಿ.ಡಿ. ಮೆಷಿನ್. ಅದರಲ್ಲಿ ಅವನು ಮೈಕೈ ತುಂಬಿಕೊಂಡು, ಬೆನ್ನು ತಿರುಗಿಸಿ, ನೆರಳು ಬೀಳಿಸಿಕೊಂಡು ನಡೆದ. ಆದರೆ ಎಣ್ಣೆ ಕಡಿಮೆಯಾದಾಗ ಮಂಡಿ ನಡುಗುವುದು ಮಾತ್ರ ಮೂರರಲ್ಲೂ ಇತ್ತು. ಮೊದಲನೆಯದರಲ್ಲಿ ಎರಡು ಚೌಕ ಅಲ್ಲಾಡುತ್ತಿದ್ದವು, ಕೊನೆಯದರಲ್ಲಿ ಅವನು ಉಸಿರು ಬಿಗಿಹಿಡಿಯುವ ಸದ್ದೂ ಕೇಳುತ್ತಿತ್ತು.

"ನೋಡು, ಡಬ್ಬ ಬದ್ಲಾಯ್ತದೆ, ಇವನ್ ಭಯ ಬದ್ಲಾಗಕಿಲ್ಲ" ಎನ್ನುತ್ತಿದ್ದರು ಮಾಮ.

ನಾನು ದೊಡ್ಡವಳಾದ ಮೇಲೆ ಅವರು ಅಂಗೈ ಅಡ್ಡ ಹಿಡಿಯುವುದನ್ನು ಬಿಟ್ಟರು. ಬದಲಿಗೆ ಹೆಗಲ ಮೇಲಿನ ಕೆಂಪು ಚೌಕಳಿ ಟವಲನ್ನು ಟಿ.ವಿ. ಮೇಲೆ ಇಳಿಬಿಟ್ಟು, ಹಳೇ ಕಾಲದ ಫೋಟೊದವರ ಹಾಗೆ ತಮ್ಮ ತಲೆಯನ್ನು ಅದರೊಳಗೆ ತೂರಿಸುತ್ತಿದ್ದರು. ಒಳಗಿನಿಂದ ಹೇಳಿದಂತೆ ನಾನು ಗುಂಡಿ ಒತ್ತಬೇಕು. "ಎಡಕ್ಕೆ. ಇನ್ನೂ ಎಡಕ್ಕೆ. ನೆಗಿ! ಥೂ, ತಡ ಮಾಡ್ದೆ ಕಣೇ." ಪಕ್ಕದ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಟವಲು ಜಾರೀತೆಂದು ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಆಡುತ್ತಿದ್ದೆ.

ಕೂರುವ ಮೊದಲು ಪ್ರತಿ ದಿನ ಒಂದು ಪ್ರಶ್ನೆ ಇರುತ್ತಿತ್ತು. ಎಲ್ಲರೆದುರು ಗುಳಿಗೆಯ ಮಾತು ಬೇಡವೆಂದು ಅವರು, "ಇವತ್ತು ಎಣ್ಣೆ ಆಯ್ತಾ?" ಎಂದು ಕೇಳುವರು. ನಾನು "ಆಯ್ತು ಮಾಮ" ಎನ್ನಬೇಕು. ಇಲ್ಲವೆಂದರೆ ಮನೆಗೆ ಹೋಗಿ ನುಂಗಿ ಬರಬೇಕು, ಮಾತೇ ಇಲ್ಲ. ಅಷ್ಟು ವರ್ಷ ಅವರ ಅಂಗಡಿಯಲ್ಲಿ ನಾನು ಬೀಳಲಿಲ್ಲ.

ಬಿದ್ದದ್ದು ಒಂದೇ ಸಲ, ನನಗೆ ಹತ್ತೊಂಬತ್ತಾದಾಗ. ಅದು ಹೇಗಾಯಿತೆಂದು ಬಹಳ ವರ್ಷ ಒಬ್ಬರಿಗೂ ಹೇಳಿರಲಿಲ್ಲ.

ತಿಪಟೂರಿನ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ಬಂದವರು ಬಸ್ಸು ತಪ್ಪಿತೆಂದು ನಮ್ಮಲ್ಲೇ ಉಳಿದರು, ಮರುದಿನವೂ ಉಳಿದರು. ಅವರ ಕಣ್ಣಿಗೆ ಬೀಳಬಾರದೆಂದು ಅಮ್ಮ ನನ್ನ ಗುಳಿಗೆಯ ಡಬ್ಬಿಯನ್ನು ರಾಗಿ ತುಂಬಿದ ಡ್ರಮ್ಮಿನ ತಳಕ್ಕೆ ತಳ್ಳಿದ್ದಳು. ಗಂಡಿನ ತಾಯಿ ಎರಡು ದಿನವೂ ಅಡುಗೆಮನೆ ಬಿಟ್ಟು ಕದಲಲಿಲ್ಲ. ಆಕೆಯ ಮುಂದೆ ಮೊಣಕೈವರೆಗೆ ರಾಗಿಯಲ್ಲಿ ಕೈ ಹಾಕಿ ಏನನ್ನು ಹುಡುಕುತ್ತೀರಿ? ಅಮ್ಮ ನನ್ನ ಮುಖ ನೋಡುವಳು, ನಾನು ಅಮ್ಮನ ಮುಖ ನೋಡುವೆ. ಮೂರನೆಯ ದಿನ ಅವರನ್ನು ಕಳಿಸಲು ಅಪ್ಪ ಅಮ್ಮ ಬಸ್ ಸ್ಟ್ಯಾಂಡಿಗೆ ಹೊರಟರು. ನಾನು ಡಬ್ಬಿ ತೆಗೆದು ನುಂಗಬಹುದಿತ್ತು. ಬದಲಿಗೆ, ಅವರು ಬರುವುದರೊಳಗೆ ಒಂದು ಆಟ ಆಡಿ ಬಂದುಬಿಡೋಣವೆಂದು ಸ್ಟೇಷನ್ ರಸ್ತೆಗೆ ಓಡಿದೆ.

"ಎಣ್ಣೆ ಆಯ್ತಾ?" ಎಂದರು ಮಾಮ.

"ಆಯ್ತು ಮಾಮ."

ಸಲೀಸಾಗಿ ಹೇಳಿದೆ. ಹಾಗೆ ಹೇಳುವುದನ್ನು ಮನೆಯಲ್ಲಿ ಚೆನ್ನಾಗಿಯೇ ಕಲಿಸಿದ್ದರು.

ಕುಳ್ಳ ಬಾಣಾವರದಲ್ಲಿ ನಡೆಯುತ್ತಿದ್ದ. ಲಾಟೀನಿನ ತುಂಬ ಎಣ್ಣೆ, ಸುತ್ತ ಒಳ್ಳೆಯ ಬೆಳಕು, ಎಲ್ಲೂ ಮಿಂಚಿಲ್ಲ. ಬಾಯಲ್ಲಿ ನಾಣ್ಯದ ರುಚಿ ಬಂತು. ಮಾಮ ಎಂದು ಕರೆಯಬೇಕೆಂದುಕೊಂಡೆ, ನಾಲಿಗೆ ಹೊರಳಲಿಲ್ಲ. ಅಷ್ಟು ಭಯವನ್ನು ನಾನು ಮತ್ತೆಂದೂ ಪಟ್ಟಿಲ್ಲ.

ಎಚ್ಚರ ಬರುವಾಗ ಮೊದಲು ಬಂದದ್ದು ಕಿವಿಗೆ. ಮಹಡಿ ತುಂಬ ಜನ. "ಬೀಗದ ಕೈ ಕೊಡ್ರೀ ಕೈಗೆ", "ಈರುಳ್ಳಿ ಮೂಸ್ಸಿ", "ಫಿಟ್ಸ್ ಇರ್ಬೇಕು ಕಣ್ರೀ ಹುಡುಗೀಗೆ." ಆ ಕೊನೆಯ ಮಾತು ಕೇಳಿ ನನಗೆ ಮತ್ತೆ ಪ್ರಜ್ಞೆ ತಪ್ಪಬಾರದೇ ಎನ್ನಿಸಿತು. ನನ್ನನ್ನು ಮಗ್ಗುಲಿಗೆ ಮಲಗಿಸಿ ತಲೆಯ ಕೆಳಗೆ ಕೆಂಪು ಟವಲು ಇಟ್ಟಿದ್ದರು. ಅಷ್ಟರಲ್ಲಿ ಮಾಮನ ದನಿ ಎಲ್ಲರ ದನಿಗಿಂತ ಮೇಲಾಗಿ ಕೇಳಿಸಿತು.

"ಫಿಟ್ಸೂ ಇಲ್ಲ ಗಿಟ್ಸೂ ಇಲ್ಲ. ಕರೆಂಟ್ ಹೊಡೀತು ಕಣ್ರೀ. ನಂದೇ ತಪ್ಪು. ಅರ್ತಿಂಗ್ ಕಿತ್ತೋಗಿತ್ತು, ನಾನು ನೋಡ್ಲಿಲ್ಲ."

ಕಣ್ಣು ಬಿಟ್ಟೆ. ಅವರ ಕೈಯಲ್ಲಿ ಒಂದು ಹಸಿರು ವೈರಿತ್ತು. ತುದಿಯ ತಾಮ್ರ ಥಳಥಳ ಹೊಳೆಯುತ್ತಿತ್ತು, ಆಗ ತಾನೇ ಕಿತ್ತದ್ದು. ಬೆಳಿಗ್ಗೆ ಬಾಗಿಲು ತೆರೆದರೆ ಒಂದೊಂದು ವೈರನ್ನೂ ಮುಟ್ಟಿ ನೋಡದೆ ಸ್ವಿಚ್ಚು ಹಾಕದ ಮನುಷ್ಯ.

ಬಸ್ ಸ್ಟ್ಯಾಂಡಿನಿಂದ ಅಪ್ಪ ಓಡಿ ಬಂದರು. ಅವರ ಹಿಂದೆಯೇ ಗಂಡಿನ ಚಿಕ್ಕಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಅಪ್ಪನಿಗೆ ನಿಜ ಗೊತ್ತಿತ್ತು. ಆದರೂ ಅಪ್ಪ ಜನರೆದುರು ಮಾಮನ ಕೊರಳಪಟ್ಟಿ ಹಿಡಿದು, "ಮಕ್ಕಳನ್ನ ಸಾಯಿಸೋಕೆ ಅಂಗಡಿ ಇಟ್ಟಿದೀಯೇನಯ್ಯಾ?" ಎಂದು ಅಬ್ಬರಿಸಿದರು. ಮಾಮ ತಲೆ ತಗ್ಗಿಸಿ, "ತಪ್ಪಾಯ್ತು ಸ್ವಾಮಿ" ಎಂದರು. ಆ ವೈರನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡೇ ಇದ್ದರು. ನಾನು ಮಲಗಿದಲ್ಲೇ ಮತ್ತೆ ಕಣ್ಣು ಮುಚ್ಚಿಕೊಂಡೆ.

ಕರೆಂಟು ಹೊಡೆಯುವ ಅಂಗಡಿಗೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಮಹಡಿ ಬರಿದಾಯಿತು. ಮಾಮ ಮತ್ತೆ ರಿಪೇರಿಗೆ ಕೂತರು. ಆದರೆ ಅರ್ತಿಂಗ್ ನೋಡದೆ ಹುಡುಗಿಯನ್ನು ಬೀಳಿಸಿದವನ ಕೈಗೆ ಯಾರೂ ಟಿ.ವಿ. ಕೊಡಲಿಲ್ಲ, ಮಿಕ್ಸಿಯನ್ನೂ ಕೊಡಲಿಲ್ಲ. ಒಂದು ದಿನ ಸಿ.ಡಿ. ಮೆಷಿನ್ ಮತ್ತು ಟಿ.ವಿ. ಹೊತ್ತು ಹಳೇಬೀಡಿನ ಬಸ್ಸು ಹತ್ತಿದರಂತೆ. ಅಷ್ಟೆಲ್ಲ ಮಾಡಿ ಉಳಿಸಿದ ಸಂಬಂಧ ಕೊನೆಗೆ ಜಾತಕ ಕೂಡಲಿಲ್ಲವೆಂದು ಮುರಿಯಿತು. ಮುಂದೆ ನಾನು ಮದುವೆಯಾದವರಿಗೆ ಮೊದಲ ಭೇಟಿಯಲ್ಲೇ ರೋಗದ ವಿಷಯ ಹೇಳಿದೆ, ಅವರು ಅದನ್ನು ದೊಡ್ಡದು ಮಾಡಲಿಲ್ಲ. ಮಾಮನಿಗೆ ಮಾತ್ರ ಅವತ್ತಿನ ಸುಳ್ಳನ್ನು ಹೇಳಲಾಗಲಿಲ್ಲ. ಅರಸೀಕೆರೆಯಿಂದ ಹುಲಿಕೆರೆ ಏನು ದೂರ? ಹೋಗಬೇಕೆಂದುಕೊಂಡಾಗಲೆಲ್ಲ ಹೆದರಿ ಹಿಂದೆ ಸರಿಯುತ್ತಿದ್ದೆ. ಅವರು ಎಣ್ಣೆಯ ಮಾತು ಕೇಳಿದರೆ ಏನೆನ್ನಲಿ ಎಂದು.

ಏಳೆಂಟು ವರ್ಷ ಹೀಗೇ ಕಳೆಯಿತು. ಅವರು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಸಿಕ್ಕ ಬಸ್ಸು ಹತ್ತಿದೆ. ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಅವರ ಹೆಂಡತಿಯನ್ನು ನಾನು ಹಿಂದೆ ನೋಡಿರಲಿಲ್ಲ. ನಾನು ಯಾರೆಂದು ಹೇಳಿದ ಕೂಡಲೇ ಆಕೆ ಎದ್ದು ಒಳಗೆ ಹೋಗಿ ಆ ಉದ್ದನೆಯ ನೋಟ್‌ಬುಕ್ ತಂದು ನನ್ನ ಮಡಿಲಿಗಿಟ್ಟರು.

"ಕೈಲಾಗೋಗಂಟ ಅದೇ ಆಟ ಆಡೋರು ಕಣವ್ವ. ಬೇರೆ ಯಾವ್ದೂ ಆಡ್ತಿರ್ಲಿಲ್ಲ. ಎಲ್ಲೋ ಒಂದ್ಕಡೆ ಮಿಂಚೈತೆ, ನನ್ ಕಣ್ಣಿಗೆ ಬೀಳ್ತಿಲ್ಲ, ಅದ್ಕೇ ಮಗ ಬಿದ್ಲು ಅನ್ನೋರು."

ತೆರೆದು ನೋಡಿದೆ. ಕಡೂರು, ಬೀರೂರು ಎಲ್ಲ ಮುಂಚಿನ ಹಾಗೇ ಇದ್ದವು. ಅವುಗಳ ಹಿಂದೆ ಪುಟದ ಮೇಲೆ ಪುಟ ಒಂದೇ ಸಾಲು, ಒಮ್ಮೆ ಪೆನ್ಸಿಲಿನಲ್ಲಿ, ಒಮ್ಮೆ ನೀಲಿ ಶಾಯಿಯಲ್ಲಿ, ಬರಬರುತ್ತ ನಡುಗುವ ಕೈಯಲ್ಲಿ. "ಬಾಣಾವರ, ನೋಡಿದೆ. ಏನೂ ಇಲ್ಲ." "ಬಾಣಾವರ, ಮತ್ತೆ ನೋಡಿದೆ. ಏನೂ ಇಲ್ಲ."

ಜಗಲಿಯ ತುಂಬ ಜನ ಕೂತಿದ್ದರು. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದೆ.

"ಅಮ್ಮಾ, ಅಲ್ಲಿ ಮಿಂಚಿರಲಿಲ್ಲ. ಕರೆಂಟೂ ಹೊಡೀಲಿಲ್ಲ. ನನಗೆ ಫಿಟ್ಸ್ ಇದೆ. ಅವತ್ತಿಗೆ ನಾನು ಗುಳಿಗೆ ತಗೊಂಡು ಎರಡು ದಿನ ದಾಟಿತ್ತು. ತಗೊಂಡಿದೀನಿ ಅಂತ ಮಾಮನ ಹತ್ರ ಸುಳ್ಳು ಹೇಳಿದ್ದೆ."

ಬೈಯುತ್ತಾರೆಂದು ಕಾದೆ. ಎದ್ದು ಹೋಗು ಎಂದಿದ್ದರೂ ನ್ಯಾಯವಾಗಿತ್ತು. ಆಕೆ ನೋಟ್‌ಬುಕ್ಕಿನ ಪುಟ ಮುಚ್ಚಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ ಕೇಳಿದರು.

"ಇವತ್ತು ತಗಂಡ್ಯಾ?"

ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಮರೆತಿದ್ದೆ. ಇಲ್ಲ ಎಂದೆ. ಆಕೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು, ನಾನು ಚೀಲದಿಂದ ಗುಳಿಗೆ ತೆಗೆದು ನುಂಗುವವರೆಗೆ ಎದುರಿಗೇ ನಿಂತಿದ್ದರು.