ಓಡಿದ ಹಂದಿಯ ಸಾರು

ನಮ್ಮತ್ತೆಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ಒಲೆಯ ಮಸಿ ಹಿಡಿದು, ಮರದ ಸೌಟಿನಷ್ಟು ಗಟ್ಟಿಯಾಗಿತ್ತು. ಆ ಬೆರಳಲ್ಲಿ ಹಸಿ ಮಾಂಸ ಒತ್ತಿ ನೋಡಿ, ಪ್ರಾಣಿ ಹೇಗೆ ಸತ್ತಿತು ಅಂತ ಹೇಳಿಬಿಡುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಅವಳು ಅದನ್ನೂ ಓದಿರಲಿಲ್ಲ.

ಮನೆಯಲ್ಲಿ ಕೋಳಿ ಕೊಯ್ಯಬೇಕಾದರೂ ಅಟ್ಟಾಡಿಸಿ ಹಿಡಿಯುವಂತಿರಲಿಲ್ಲ. ಹಿಂದಿನ ದಿನವೇ ಬುಟ್ಟಿ ಕವುಚಿ, ನೀರಿಟ್ಟು, ನೆರಳಲ್ಲಿ ಬಿಡುತ್ತಿದ್ದಳು. "ಸಾಯ್ತೀನಿ ಅಂತ ಅದಕ್ಕೆ ಗೊತ್ತಾಗ್‌ಬಾರ್ದು ಕಣೇ. ಗೊತ್ತಾದ್ರೆ ಸಾರಿಗೂ ಗೊತ್ತಾಗ್ತೈತೆ" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಹಳೇಬೀಡಿನ ಹತ್ತಿರದ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಅರವತ್ತನೇ ಇಸವಿಯ ಆಚೀಚೆ. ಮೊದಲ ಯುಗಾದಿಯ ಮಾರನೇ ದಿನ, ವರ್ಷತೊಡಕು, ಗಂಡಸರೆಲ್ಲ ಬೇಟೆಗೆ ಹೋದರು. ಮಧ್ಯಾಹ್ನ ಕಾಡುಹಂದಿ ಬಂತು. "ಒಂದೇ ಗುಂಡು! ನಿಂತ ಜಾಗದಲ್ಲೇ ಬಿತ್ತು" ಅಂತ ನಮ್ಮ ಭಾವ, ಅಂದರೆ ಗಂಡನ ಅಣ್ಣ, ಮೀಸೆ ತಿರುವಿದ. ಅಡುಗೆ ನನ್ನ ಪಾಲಿಗೆ ಬಂತು. ಹೊಸ ಸೊಸೆಗೆ ಅದೇ ಪರೀಕ್ಷೆ. ಊಟಕ್ಕೆ ಅರಸೀಕೆರೆಯಿಂದ ನನ್ನಪ್ಪನೂ ಬಂದಿದ್ದ.

ಎಷ್ಟು ಬೇಯಿಸಿದರೂ ತುಂಡು ಬೇಯಲಿಲ್ಲ. ಪಂಕ್ತಿಯಲ್ಲಿ ಭಾವ ಒಂದು ತುಂಡು ಅಗಿದು ಉಗಿದ.

"ಏನವ್ವಾ, ನಿನ್ ಸೊಸೆ ಹಂದಿ ಬದ್ಲು ಎಕ್ಕಡ ಬೇಯ್ಸವ್ಳೆ! ಗಬ್ಬು ವಾಸ್ನೆ ಬೇರೆ. ನಾಳೆಯಿಂದ ಇವಳನ್ನ ಒಲೆ ಹತ್ರ ಬಿಡಬ್ಯಾಡ."

ನನ್ನಪ್ಪ ಮುದ್ದೆ ಮುರಿಯುವುದನ್ನು ಬಿಟ್ಟು ಎಲೆ ನೋಡುತ್ತ ಕುಳಿತ. ನನಗೆ ಸತ್ತುಹೋಗುವಂತಾಯಿತು.

ಅತ್ತೆ ಒಳಗೆ ಹೋದಳು. ತೊಲೆಗೆ ನೇತುಹಾಕಿದ್ದ ಹಿಂಗಾಲನ್ನು ಇಳಿಸಿ ತಂದು, ಮಗನ ಮುಂದೆಯೇ ಒತ್ತಿ ನೋಡಿದಳು.

"ಎಷ್ಟ್ ದೂರ ಓಡ್ಸಿದ್ಯೋ?"

"ಒಂದೇ ಗುಂಡು ಕಣವ್ವಾ..."

"ನಿಂತಂಗೇ ಸತ್ತಿದ್ರೆ ಮಾಂಸ ಕೆಂಪಗಿರ್ತಿತ್ತು. ಇದು ಕಪ್ಪಗೈತೆ, ಬೆರಳಿಗೆ ಅಂಟ್ಕಂತೈತೆ. ಹೆದರಿ ಓಡಿ ಓಡಿ ಸತ್ತಿರೋ ಹಂದಿ ಇದು. ದೇವ್ರೇ ಬಂದು ಬೇಯ್ಸಿದ್ರೂ ಇಷ್ಟೇಯ. ಬೀಗರ ಮುಂದೆ ನೀನೇ ದಿಟ ಹೇಳ್ಲಾ!"

ಭಾವ ತಲೆ ಕೆರೆದುಕೊಂಡ. ಮೊದಲ ಗುಂಡು ಕಾಲಿಗೆ ತಗುಲಿತ್ತಂತೆ. ಆಮೇಲೆ ನಾಯಿ ಬಿಟ್ಟು, ಗುಡ್ಡ ದಾಟಿಸಿ, ಹುಲಿಕೆರೆ ಹಳ್ಳದವರೆಗೆ ಅಟ್ಟಿದ್ದರಂತೆ. "ನನ್ ಪಂಚೇನೂ ಮುಳ್ಳಿಗೆ ಹೋಯ್ತು" ಅಂದ. ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನನ್ನಪ್ಪ ಆ ಕೆಟ್ಟ ಸಾರನ್ನೇ ಎರಡು ಸಲ ಬಡಿಸಿಕೊಂಡ.

ಒಲೆ ನನ್ನ ಕೈಯಲ್ಲೇ ಉಳಿಯಿತು. ಮುಂದೆ ನನ್ನ ಸಾರಿಗೆ ಸುತ್ತಲ ಊರಲ್ಲಿ ಹೆಸರೂ ಬಂತು. ಅತ್ತೆ ತೀರಿಹೋಗಿ ಬಹಳ ವರ್ಷವಾಯಿತು. ಆ ದಿನ ಪಾತ್ರೆ ಬೆಳಗುವಾಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ ಮಾತನ್ನು ಇಲ್ಲಿಯವರೆಗೆ ನಾನು ಯಾರಿಗೂ ಹೇಳಿಲ್ಲ.

"ಗಟ್ಟಿ ಆಗಿದ್ದು ಹಂದಿ ತಪ್ಪು. ವಾಸ್ನೆ ನಿಂದೇ ಕಣೇ. ಮಸಾಲೆ ಸೀಯ್ಸಿದ್ದು ನೀನು."