ನೀರು ಬತ್ತದ ಕಾಯಿಗಳ ಸದ್ದು

"ಅದೆಲ್ಲ ಆಗೋ ಮಾತಲ್ಲ ಬುಡವ್ವ" ಎಂದವರು ನಮ್ಮ ದೊಡ್ಡಪ್ಪ, ನಾನು ಪಿಎಚ್‌.ಡಿ. ಮಾಡುತ್ತೇನೆ ಎಂದಾಗ. ಬೇರೆಯವರ ತೋಟದ ತೆಂಗಿನಕಾಯಿ ಸುಲಿದು ಬದುಕಿದ ಮನೆ ನಮ್ಮದು. ನನಗಿಂತ ಮೊದಲು ಕಾಲೇಜಿನ ಒಳಗೆ ಕಾಲಿಟ್ಟವರಿಲ್ಲ. ಸತ್ತವರು ಸದ್ದು ಮಾಡುತ್ತಾರೆಂದು ಅವರು ಕಥೆ ಹೇಳಿದಾಗ ಅದೇ ಮಾತನ್ನು ನಾನು ಅವರಿಗೆ ತಿರುಗಿಸುತ್ತಿದ್ದೆ. ಮನಶ್ಶಾಸ್ತ್ರ ಓದಿದವಳು, ಇಂಥದ್ದಕ್ಕೆಲ್ಲ ನನ್ನ ಹತ್ತಿರ ವಿವರಣೆ ಇತ್ತು. ಒಂದಕ್ಕೆ ಮಾತ್ರ ಇಲ್ಲ. ಅದನ್ನು ಇದ್ದಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮ್ಮಿಷ್ಟ.

ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರ ದುಃಖ ನನ್ನ ಅಧ್ಯಯನದ ವಿಷಯ. ಜೊತೆಗಾರ ಸತ್ತ ನೋವು ಒಂದು. ತಾನು ಮಾಡಿದ್ದೋ ಮಾಡದೆ ಬಿಟ್ಟದ್ದೋ ಸರಿಯಲ್ಲ ಎಂದು ಒಳಗೇ ಕೊರೆಯುವುದು ಇನ್ನೊಂದು. ಅದನ್ನು ನಾವು ನೈತಿಕ ಗಾಯ ಎನ್ನುತ್ತೇವೆ.

ಹೊನ್ನವಳ್ಳಿ ಕಡೆಯ ಶಿವಣ್ಣನವರ ಮನೆಗೆ ಹಾಗೆಯೇ ಹೋಗತೊಡಗಿದ್ದು. ಹೆಸರು ಬದಲಿಸಿದ್ದೇನೆ. ತೆಂಗಿನ ನುಸಿ ರೋಗದ ಬಗ್ಗೆ, ಬೋರ್‌ವೆಲ್ ಬಗ್ಗೆ ಎಷ್ಟು ಬೇಕಾದರೂ ಮಾತಾಡುವರು. ಲೋಕೇಶನ ಹೆಸರು ಎತ್ತಿದರೆ ಮಾತ್ರ ಕರೆಂಟ್ ಬಂತೆಂದು ಎದ್ದು ಮೋಟಾರಿನ ಕಡೆ ಹೋಗುವರು. ಲೋಕೇಶ ಅವರ ಜೊತೆಗೇ ಸೈನ್ಯದಲ್ಲಿದ್ದು ಅಲ್ಲೇ ಸತ್ತವನು, ದಂಡಿನಶಿವರದ ಹತ್ತಿರದ ಹುಡುಗ. ಮಗನ ಕೊನೆಯ ಗಳಿಗೆ ಹೇಗಿತ್ತೆಂದು ಕೇಳಲು ಅವನ ತಾಯಿ ಎಷ್ಟೋ ಸಲ ಹೇಳಿಕಳಿಸಿದ್ದರಂತೆ. ಇವರು ಹೋಗಲೇ ಇಲ್ಲ. ತುರುವೇಕೆರೆಗೆ ಕೆಲಸವಿದ್ದರೂ ಆ ಊರಿನ ದಾರಿ ಬಿಟ್ಟು ಸುತ್ತಿ ಹೋಗುತ್ತಾರೆ ಎಂದು ಅವರ ಹೆಂಡತಿ ಗಂಗಮ್ಮ ನನಗೆ ಹೇಳಿದ್ದರು. ಆ ತಾಯಿಗೆ ವಯಸ್ಸಾಗಿತ್ತು. ಕಣ್ಣೂ ಮಂಜಾಗುತ್ತಿತ್ತು.

ಒಂದು ಮಧ್ಯಾಹ್ನ ನಾವು ಮೂವರೂ ನಡುಮನೆಯಲ್ಲಿ ಕೂತಿದ್ದೆವು. ತಲೆಯ ಮೇಲೆ ಕಾಯಿ ತುಂಬಿದ ಅಟ್ಟ. ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೇ ಕುಟ್ಟುತ್ತದೆ. ಅಂಥದೇ ಸದ್ದು ಮೇಲಿನಿಂದ ಬಂತು. ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್.

"ಕೊಬ್ಬರಿ ಆಗೈತೆ ಕಣ್ರೀ" ಎಂದ ಗಂಗಮ್ಮ ಅಲ್ಲಿಗೇ ನಿಲ್ಲಿಸಿದರು. ಹಳೆಯ ಕಾಯಿ ಇಳಿಸಿಯಾಗಿತ್ತು. ಮೇಲಿದ್ದದ್ದು ಮೊನ್ನೆಮೊನ್ನೆ ಹಾಕಿದ್ದು.

ಇಲಿ ಇರಬೇಕು ಎಂದೆ. ಏಣಿ ಇಟ್ಟು ನಾನೂ ಗಂಗಮ್ಮನೂ ಹತ್ತಿದೆವು. ಇಲಿಯಿಲ್ಲ, ಗಾಳಿಯಿಲ್ಲ, ಒಂದು ಕಾಯಿಯೂ ಅಲುಗುತ್ತಿರಲಿಲ್ಲ. ಗಂಗಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಯ ಹತ್ತಿರ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟರು. ಒಳಗೆ ಬರೀ ನೀರು ಕುಲುಕುತ್ತಿತ್ತು. ಆದರೂ ಆ ರಾಶಿಯ ನಡುವೆ ಎಲ್ಲೋ ಒಣ ಸದ್ದು ನಡೆದೇ ಇತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಲಿಲ್ಲ, ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಚಪಲ ಹತ್ತಿತು. ಸಿಗಲಿಲ್ಲ.

ಕೆಳಗಿನಿಂದ ಶಿವಣ್ಣನವರ ದನಿ ಕೇಳಿತು. "ಇಳೀರವ್ವ. ಲೋಕೇಶ ಹಿಂಗೇ ಕುಟ್ತಿದ್ದ."

ಆಮೇಲೆ ಅವರೇ ಹೇಳಿದರು. ಗುಂಡು ತಗುಲಿ ಲೋಕೇಶ ಬಂಡೆಯ ಆಚೆ ಬಿದ್ದಿದ್ದ. ಯಾರೂ ಮುಂದೆ ಹೋಗಕೂಡದೆಂದು ಆಜ್ಞೆಯಾಗಿತ್ತು. ಕೂಗಿ ಕೂಗಿ ದನಿ ಹೋದ ಮೇಲೆ ಅವನು ನೀರಿನ ಮಗ್ಗನ್ನು ಕಲ್ಲಿಗೆ ಕುಟ್ಟತೊಡಗಿದ. "ಹೋಗ್ಬೇಡ ಅಂದ್ರು, ಹೋಗ್ಲಿಲ್ಲ. ನಿಂತೋಗೋವರ್ಗೂ ಕೇಳಿಸ್ಕೊಂಡು ಕೂತಿದ್ದೆ."

ಅವರ ಮಾತು ಮುಗಿದಾಗ ಮೇಲಿನ ಸದ್ದೂ ಇರಲಿಲ್ಲ. ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ. ನಾಳೆ ಬೆಳಿಗ್ಗೆ ಆ ತಾಯಿಯ ಹತ್ತಿರ ಹೋಗೋಣ, ನೀನೂ ಬಾ ಎಂದರು.

ಹೋದೆವು. ಯಾರೂ ಫೋನ್ ಮಾಡಿರಲಿಲ್ಲ. ಆಮೇಲೆ ಎಲ್ಲರನ್ನೂ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಜಗಲಿಯ ಮೇಲೆ ಪೊರಕೆಗೆಂದು ಗರಿ ಸೀಳುತ್ತಿದ್ದ ಮುದುಕಿ ಹೆಜ್ಜೆ ಸದ್ದಿಗೆ ತಲೆಯೆತ್ತಿದರು.

"ಶಿವಣ್ಣನೇನಪ್ಪ? ನೆನ್ನೆ ಮಧ್ಯಾಹ್ನ ನಮ್ಮ ಅಟ್ಟದ ಮೇಲೆ ಹಸೀ ಕಾಯಿ ಕುಟ್ತಿದ್ವು. ನೀನು ಬತ್ತೀಯ ಅನ್ಕಂಡೆ."

ಶಿವಣ್ಣನವರು ಅವರ ಕಾಲ ಬಳಿ ಕೂತು ಏನನ್ನೂ ಬಿಡದೆ ಹೇಳಿದರು. ಆಕೆ ಅವರ ಮಣಿಕಟ್ಟು ಹಿಡಿದುಕೊಂಡೇ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ. "ಅವನು ಕುಟ್ತಿರೋವಾಗ ನೀನು ಅಲ್ಲೇ ಇದ್ದೇನಪ್ಪ?"

"ಇದ್ದೆ ಕಣವ್ವ."

"ಹಂಗಾದ್ರೆ ನನ್ಮಗ ಒಬ್ನೇ ಹೋಗ್ಲಿಲ್ಲ ಬುಡು."

ಬಿಸಿಲಿಗೆ ತೊಲೆ ಬಿರಿಯುವ ಸದ್ದು, ಮನಸ್ಸು ಕಟ್ಟಿಕೊಂಡ ಸದ್ದು ಎಂದೆಲ್ಲ ಯೋಚಿಸಿದೆ. ಒಂದು ಮನೆಗಾದರೆ ಏನೋ ಹೊಂದಿಸಬಹುದು. ಅಷ್ಟು ದೂರದ ಎರಡು ಮನೆಗೆ, ಅದೇ ಮಧ್ಯಾಹ್ನ? ಪ್ರಬಂಧದಲ್ಲಿ ಆ ಸದ್ದಿನ ಮಾತನ್ನೇ ಎತ್ತಲಿಲ್ಲ. ದೊಡ್ಡಪ್ಪನಿಗೆ ಮಾತ್ರ ಹೇಳಿದ್ದೆ.

ಘಟಿಕೋತ್ಸವ ಮುಗಿಸಿ ಬಂದು ಸರ್ಟಿಫಿಕೇಟನ್ನು ನೇರವಾಗಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಟವಲಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ತಮಾಷೆಗೆ, ಕೊಬ್ಬರಿ ನೋಡುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ಆ ಸದ್ದು ಏನೂಂತ ಇದ್ರಲ್ಲಿ ಬರ್ದಿದ್ದೀಯೇನವ್ವ?"

"ಇಲ್ಲ ದೊಡ್ಡಪ್ಪ. ಗೊತ್ತಾಗ್ಲಿಲ್ಲ."

"ಹಂಗಾದ್ರೆ ಇನ್ನೂ ಓದೋದೈತೆ ಕಣವ್ವ" ಎಂದರು.