ಹುಲ್ಲಿನಂಕಣದ ಮೊದಲ ಸುತ್ತು ಮತ್ತು ನಮ್ಮ ಮನೆಯ ಕರು

ಹಾಸನದ ಹೊರಬಡಾವಣೆಯಲ್ಲಿರುವ ನಮ್ಮ ಮನೆಯ ಮುಂದೆ, ಗೇಟಿಗೂ ಮೆಟ್ಟಿಲಿಗೂ ನಡುವೆ, ಒಂದು ಜಮಖಾನ ಹಾಸಿದರೆ ಮುಗಿದುಹೋಗುವಷ್ಟು ಜಾಗದಲ್ಲಿ ನಾನೊಂದು ಲಾನು ಬೆಳೆಸಿದ್ದೇನೆ. ಅದು ಲಾನು ಎಂದು ನಾನು ಬಾಯಿಬಿಟ್ಟು ಹೇಳುವ ತನಕ ಬಂದವರಿಗೆ ಗೊತ್ತಾಗುವುದಿಲ್ಲ; ಹೇಳಿದ ಮೇಲೆ ಸಭ್ಯಸ್ಥರು ಪಾಪ ತಲೆದೂಗುತ್ತಾರೆ, ಬಂಧುಗಳು ಚಪ್ಪಲಿ ಬಿಡಲು ಅದೇ ಪ್ರಶಸ್ತ ಸ್ಥಳವೆಂದು ಅಲ್ಲಿಯೇ ಬಿಡುತ್ತಾರೆ. ಅದರ ಸುತ್ತ ಸೊಂಟದೆತ್ತರದ ಬಿದಿರು ತಡಿಕೆ ಕಟ್ಟಿಸಿ, ಅದಕ್ಕೊಂದು ಪುಟ್ಟ ಬಾಗಿಲನ್ನೂ ಇಡಿಸಿ, ದಿನಾ ಬೆಳಿಗ್ಗೆ ಕತ್ತರಿ ಹಿಡಿದು ಹುಲ್ಲಿನ ತಲೆ ಸಮ ಮಾಡುತ್ತ ಕೂರುತ್ತಿದ್ದ ನನ್ನನ್ನು ಕಂಡು, ವಾಕಿಂಗ್ ಹೋಗುವ ನೆರೆಯವರು ‘ಮೇಷ್ಟ್ರು ಹುಲ್ಲಿಗೆ ಕ್ಷೌರ ಮಾಡ್ತಾವ್ರೆ’ ಎಂದು ನಗುತ್ತಿದ್ದುದು ನನ್ನ ಕಿವಿಗೂ ಬಿದ್ದಿದೆ. ನಗಲಿ ಬಿಡಿ. ನಿವೃತ್ತನಾದ ಮನುಷ್ಯನಿಗೆ ತನ್ನದೆಂದು ಹೇಳಿಕೊಳ್ಳಲು ಏನಾದರೂ ಒಂದಿರಬೇಕು.

ಯಾಕೆಂದರೆ ಉಳಿದದ್ದೆಲ್ಲ ನನ್ನ ಮನೆಯಾಕೆ ಸುಶೀಲಳದು. ಹಿತ್ತಲು ಅವಳದು, ಹಿತ್ತಲಿನ ಕೊಟ್ಟಿಗೆ ಅವಳದು, ಕೊಟ್ಟಿಗೆಯ ಹಸು ಅವಳದು. ಆ ಹಸು ಕರು ಹಾಕಿದ ಮೇಲೆ ಕಾಯಿಲೆ ಬಿದ್ದು ಹಾಲು ಬತ್ತಿಸಿಕೊಂಡಾಗ, ಬದುಕುವುದೇ ಇಲ್ಲವೆಂದು ಎಲ್ಲರೂ ಕೈಬಿಟ್ಟ ಕರುವನ್ನು ಮಡಿಲಿಗೆಳೆದುಕೊಂಡು, ಬಾಟಲಿಯಲ್ಲಿ ಹಾಲೂಡಿಸಿ ಉಳಿಸಿದವಳೂ ಅವಳೇ. ಕರುವಿನ ಹೆಸರು ಚೆಲುವಿ. ಕಂದು ಮೈ, ಹಣೆಯಲ್ಲೊಂದು ಬಿಳಿ ಬೊಟ್ಟು. ಈ ಪ್ರಪಂಚದಲ್ಲಿ ಅದಕ್ಕಿರುವ ಆಸಕ್ತಿಗಳು ಎರಡೇ: ಸುಶೀಲಳ ಸೆರಗು ಮತ್ತು ನನ್ನ ಲಾನು. ಸೆರಗು ಅದಕ್ಕೆ ಸುಲಭವಾಗಿ ದಕ್ಕುತ್ತಿತ್ತು. ಲಾನಿನ ವಿಷಯದಲ್ಲಿ ಮಾತ್ರ ನಾನು ತಡಿಕೆಯ ಈಚೆ, ಅದು ಆಚೆ ನಿಂತು ಪರಸ್ಪರ ದುರುಗುಟ್ಟಿ ನೋಡುವುದು ನಿತ್ಯದ ವಿಧಿಯಾಗಿತ್ತು.

ಈ ಲಾನಿನ ಹುಚ್ಚು ನನಗೆ ಹತ್ತಿದ್ದು ಟೆನಿಸ್ಸಿನಿಂದ. ಅರಕಲಗೂಡಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಂಡಿದ್ದಷ್ಟು ಕಾಲ ನಾನು ಟೆನಿಸ್ ರ‍್ಯಾಕೆಟನ್ನು ಕೈಯಲ್ಲಿ ಹಿಡಿದವನಲ್ಲ, ಹಿಡಿದವರನ್ನು ಹತ್ತಿರದಿಂದ ಕಂಡವನೂ ಅಲ್ಲ. ನಿವೃತ್ತಿಯಾಗಿ, ಮೊಣಕಾಲು ಹಿಡಿದುಕೊಂಡು, ಟೀವಿಯ ಮುಂದಿನ ಕುರ್ಚಿಯೇ ಗತಿಯೆಂದಾದಾಗ, ಸುತ್ತಮುತ್ತಲ ಹೊಲಗಳಲ್ಲಿ ಆಲೂಗಡ್ಡೆ ಬಿತ್ತನೆಯಾಗುವ ಆ ತುಂತುರು ದಿನಗಳಲ್ಲಿ, ಪರದೆಯ ತುಂಬ ಹರಡಿಕೊಂಡ ಟೆನಿಸ್ ಅಂಕಣದ ಹಸಿರನ್ನು ಕಂಡು ನಾನು ಮರುಳಾದೆ. ಸುಶೀಲಳೂ ಸೊಪ್ಪು ಬಿಡಿಸುತ್ತ ಬಂದು ನಿಂತು ನೋಡಿದಳು. ‘ಅಯ್ಯಯ್ಯೋ, ಅಷ್ಟೊಂದು ಮೇವು ಹಾಳು ಮಾಡ್ತಾವ್ರಲ್ಲ’ ಎಂದು ಒಳಕ್ಕೆ ಹೋದಳು. ಹುಲ್ಲಿನಂಕಣದ ಟೆನಿಸ್ಸಿನ ಬಗ್ಗೆ ನಮ್ಮ ಮನೆಯಲ್ಲಿ ನಡೆದ ವಿಮರ್ಶೆ ಅಷ್ಟೇ.

ನನಗೆ ರುಚಿ ಹತ್ತಿದ್ದು ಅಂತಿಮ ಪಂದ್ಯಗಳದಲ್ಲ, ಮೊದಲ ಸುತ್ತಿನದು. ಅಂತಿಮ ಪಂದ್ಯಕ್ಕೆ ಬರುವವರು ಜಗತ್ತಿಗೇ ಗೊತ್ತಿರುವ ಮಹನೀಯರು; ಅವರಲ್ಲಿ ಒಬ್ಬ ಗೆದ್ದರೆ ಯಾರಿಗೇನು ಆಶ್ಚರ್ಯ? ಮೊದಲ ಸುತ್ತಿನಲ್ಲಾದರೋ ಹುಲ್ಲಿನ್ನೂ ಎಳೆಯದು, ತೇವವಿನ್ನೂ ಆರಿಲ್ಲ, ಚೆಂಡು ಪುಟಿಯುವ ಬದಲು ನೆಲ ತಬ್ಬಿಕೊಂಡು ಓಡುತ್ತದೆ. ದೊಡ್ಡ ಹೆಸರಿನವರು ಜಾರಿ ಅಂಗಾತ ಬೀಳುತ್ತಾರೆ, ಹೆಸರೇ ಇಲ್ಲದವರು ಎದ್ದು ನಿಲ್ಲುತ್ತಾರೆ. ಮತ ಎಣಿಕೆಯ ಮೊದಲ ಸುತ್ತಿನ ಮುನ್ನಡೆಯನ್ನು ನಂಬಿ ಪಟಾಕಿ ಹೊಡೆದವರ ಪಾಡನ್ನು ಜೀವಮಾನವಿಡೀ ಪಾಠ ಮಾಡಿದ ನನಗೆ ಈ ಅನಿಶ್ಚಿತತೆ ಆಪ್ಯಾಯಮಾನವಾಗಿ ಕಂಡಿತು. ಇಂಥ ಕಡೆ ಬಾಜಿ ಕಟ್ಟದೆ ಇರುವುದು ಹೇಗೆ, ನೀವೇ ಹೇಳಿ.

ಬಾಜಿಗೆ ಜೊತೆಗಾರ ನನ್ನ ಬಾಮೈದ ಪುಟ್ಟರಾಜು, ಸುಶೀಲಳ ತಮ್ಮ, ದಂಡಿಗನಹಳ್ಳಿಯಲ್ಲಿ ತೆಂಗಿನ ತೋಟ ಇಟ್ಟುಕೊಂಡವನು. ಟ್ರ್ಯಾಕ್ಟರಿನಿಂದ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ ಅವನಿಗೂ ಫೋನಿನಲ್ಲಿ ಈ ಆಟದ ಗೀಳು ಅಂಟಿತು. ಭಾವ ಬಾಮೈದರ ಬಾಜಿಗೆ ಅವರ ಮನೆತನದಲ್ಲಿ ಒಂದು ಪದ್ಧತಿಯೇ ಇದೆ. ಅದರಲ್ಲಿ ದುಡ್ಡಿಗೆ ಪ್ರವೇಶವಿಲ್ಲ. ಮನೆಯಲ್ಲಿ ಬೆಳೆದದ್ದನ್ನೇ ಪಣಕ್ಕಿಡಬೇಕು, ಹಲಸು, ಎಳನೀರು, ಹುಂಜ ಹೀಗೆ. ಮತ್ತು ಇಬ್ಬರೂ ಎಂದೆಂದೂ ಎದುರು ಬದುರು ನಿಲ್ಲಬೇಕು. ಅವನು ಮಳೆ ಬರುತ್ತದೆ ಎಂದರೆ ನಾನು ಬರುವುದಿಲ್ಲ ಎನ್ನಬೇಕು, ಕೊಡೆ ನನ್ನ ಕಂಕುಳಲ್ಲೇ ಇದ್ದರೂ.

ಇನ್ನೊಂದು ಪದ್ಧತಿಯೂ ಉಂಟು, ಆಪತ್ತು ಬಂದದ್ದೇ ಅದರಿಂದ. ಜೋಡೆತ್ತಿನ ಓಟದಲ್ಲಿ, ಟಗರಿನ ಕಾಳಗದಲ್ಲಿ ಯಾರೂ ಪ್ರಾಣಿಯ ಹೆಸರು ಹೇಳಿ ಬಾಜಿ ಕಟ್ಟುವುದಿಲ್ಲ, ಗುರುತು ಹೇಳುತ್ತಾರೆ: ಮುರುಕೊಂಬು ನಂದು, ಬಿಳಿಗಾಲು ನಿಂದು. ಮೊದಲ ಸುತ್ತಿನ ಟೆನಿಸ್ಸಿಗರ ಹೆಸರುಗಳೋ, ನನ್ನ ಕಟ್ಟಿಸಿದ ಹಲ್ಲುಗಳಿಗೆ ದಕ್ಕುವಂಥವಲ್ಲ. ಹಾಗಾಗಿ ನಾವೂ ಅಂಗಿಯ ಬಣ್ಣ ನೋಡಿಯೇ ಬಾಜಿ ಕಟ್ಟುತ್ತಿದ್ದೆವು. ಮಣ್ಣಿನಂಕಣದಲ್ಲಿ ಕೆಂಪಂಗಿ, ಅರಿಶಿನದಂಗಿ ಎಂದು ಸುಖವಾಗಿ ನಡೆದಿತ್ತು. ಹುಲ್ಲಿನಂಕಣದ ಆ ದೊಡ್ಡ ಪಂದ್ಯಾವಳಿಯಲ್ಲಿ ಮಾತ್ರ ಎಲ್ಲರೂ ಅಡಿಯಿಂದ ಮುಡಿಯವರೆಗೆ ಬಿಳಿಯನ್ನೇ ಉಡಬೇಕಂತೆ. ಈ ಕಟ್ಟಳೆ ಮಾಡಿದ ಪುಣ್ಯಾತ್ಮನಿಗೆ ದಂಡಿಗನಹಳ್ಳಿಯಲ್ಲಿ ಬಾಮೈದನಿರಲಿಲ್ಲ ಎಂಬುದು ಸ್ಪಷ್ಟ.

ಹೊಳೆನರಸೀಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿದು ಎಲೆಯಡಿಕೆಯ ಹೊತ್ತು. ಹೊರಗೆ ವಾಲಗದವರು ತಾವು ತಿಂದ ಊಟಕ್ಕೆ ನ್ಯಾಯ ಸಲ್ಲಿಸುವವರ ಹಾಗೆ ಊದುತ್ತಿದ್ದರು. ಪುಟ್ಟರಾಜು ಫೋನು ತೆಗೆದ. ಹಸಿರಿನ ಮೇಲೆ ಅಕ್ಕಿಕಾಳಿನಷ್ಟು ಗಾತ್ರದ ಇಬ್ಬರು ಬಿಳಿಯ ಮನುಷ್ಯರು ಓಡಾಡುತ್ತಿದ್ದರು. ಒಂದಿಷ್ಟು ಆಟ ಆಗುವಷ್ಟರಲ್ಲಿ ಅಲ್ಲಿ ಮಳೆ ಬಂದು, ಅಂಕಣಕ್ಕೆ ಟಾರ್ಪಾಲು ಎಳೆದು, ಪಂದ್ಯವನ್ನು ಮರುದಿನಕ್ಕೆ ಹಾಕಿಬಿಟ್ಟರು. ನಾನು ನಿಟ್ಟುಸಿರಿಟ್ಟು ಎದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಪುಟ್ಟರಾಜು ನೆಂಟರೆಲ್ಲ ಕೇಳುವಂತೆ ಕೆಣಕಿದ: ‘ಏನ್ ಭಾವ, ಬೆಟ್ ಕಟ್ತೀರಾ? ನನ್ನ ಬಿಳಿಮೂತಿ ಟಗರು ಇಡ್ತೀನಿ. ನೀವು ಚೆಲುವಿ ಇಡಿ ನೋಡಾನ. ಮಾತಲ್ಲೇ ಮಂಟಪ ಕಟ್ತೀರಿ, ಬೆಟ್ ಅಂದ್ರೆ ಇಂದಕ್ಕೆ ಓಯ್ತೀರಿ!’

ಚೆಲುವಿಯನ್ನು ಕೊಡೆಂದು ಅವನು ಅಕ್ಕನನ್ನು ಎಷ್ಟು ಸಲ ಕೇಳಿದ್ದನೋ, ಅಷ್ಟು ಸಲವೂ ಅವಳು ಆಗದು ಎಂದಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸುತ್ತ ಕೂತ ನೆಂಟರ ಮುಖಗಳು ನನ್ನ ಕಡೆ ತಿರುಗಿದ್ದವು, ಹೊಟ್ಟೆಯಲ್ಲಿ ಹೋಳಿಗೆಯಿತ್ತು, ತಲೆಯಲ್ಲಿ ಏನಿತ್ತೋ ನಾಕಾಣೆ. ‘ಇಟ್ಟೆ!’ ಎಂದು ಕೈ ಚಾಚಿದೆ. ಅವನು ಕೈ ಮೇಲೆ ಕೈ ಹೊಡೆಯುತ್ತ ‘ಎಡಚ ನಂದು’ ಎಂದ. ಅದೇ ಉಸಿರಿಗೆ ನಾನು ‘ತಲೆಪಟ್ಟಿ ಕಟ್ಟಿರೋನು ನನ್ನವನು’ ಎಂದೆ. ವಾಲಗದವರು ಆ ಹೊತ್ತಿಗೆ ತಾರಕಕ್ಕೇರಿದ್ದರು.

ಹಾಸನಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಸುಶೀಲ, ಬಾಜಿಯ ಹೊತ್ತಿಗೆ ಒಳಗೆ ಹೆಂಗಸರ ಜೊತೆಯಿದ್ದು ಏನೂ ಅರಿಯದವಳು, ದಾರಿಯುದ್ದಕ್ಕೂ ಬೇರೆ ಮಾತೇ ಇಲ್ಲದವಳಂತೆ, ‘ದೀಪಾವಳಿಗೆ ಚೆಲುವಿ ಕುತ್ಗೆಗೊಂದು ಹೊಸಾ ಗೆಜ್ಜೆ ತರ್ಬೇಕು ಕಣ್ರೀ, ಅಳೇದು ಬಿಗಿಯಾಯ್ತದೆ’ ಎಂದಳು. ‘ಹ್ಞೂಂ’ ಎಂದೆ. ಅಷ್ಟು ಸಣ್ಣ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. ಹೆದರಿಕೆಯಾಗಿತ್ತು, ಮರೆಮಾಚುವುದೇಕೆ, ಪ್ರಾಣವೇ ಹೋದಂತಾಗಿತ್ತು. ಗೆದ್ದರೆ ಟಗರು ಬರುತ್ತದೆ, ಟಗರು ಕಟ್ಟಿಕೊಂಡು ನನಗೇನಾಗಬೇಕು? ಸೋತರೆ, ಮಡಿಲಲ್ಲಿಟ್ಟು ಸಾಕಿದವಳ ಕಣ್ಣೆದುರಿಗೆ ಹಗ್ಗ ಬಿಚ್ಚಿ ಕೊಡಬೇಕಾದವನು ನಾನು. ಮನೆ ತಲುಪಿದೊಡನೆ ಚೆಲುವಿ ಎಂದಿನಂತೆ ತಡಿಕೆಯ ಸಂದಿಯಲ್ಲಿ ಮೂತಿ ತೂರಿಸಿ ನನ್ನ ಹುಲ್ಲಿಗೆ ನಾಲಗೆ ಹಾಕಿತು. ನಾನು ‘ಹೈ’ ಎಂದು ಓಡಿಸಲಿಲ್ಲ.

ಮರುದಿನ ಮಧ್ಯಾಹ್ನ ಪಂದ್ಯ ಮುಂದುವರಿಯುವ ಹೊತ್ತಿಗೆ ಸರಿಯಾಗಿ, ಲೈನಿನ ಕೆಲಸವೆಂದು ನಮ್ಮ ಬಡಾವಣೆಯ ಕರೆಂಟು ತೆಗೆದರು. ನನ್ನ ಫೋನು ಗುಂಡಿ ಒತ್ತಿದರೆ ಮಾತ್ರ ಮಾತಾಡುವ ಹಳೆಯ ಕಾಲದ್ದು, ಅದರಲ್ಲಿ ಆಟ ನೋಡುವಂತಿಲ್ಲ. ಹಾಗಾಗಿ ದಂಡಿಗನಹಳ್ಳಿಯಿಂದ ಪುಟ್ಟರಾಜು ಮಾಡುತ್ತಿದ್ದ ವೀಕ್ಷಕ ವಿವರಣೆಯೇ ನನಗೆ ಆಧಾರವಾಯಿತು. ಅವನು ಫೋನು ಮಾಡಿದಾಗಲೆಲ್ಲ ಅವನ ಎಡಚ ಹೊಡೆಯುತ್ತಿದ್ದ, ಮಾಡದಿದ್ದಾಗ ನನ್ನ ತಲೆಪಟ್ಟಿಯವನು ಹೊಡೆಯುತ್ತಿರಬೇಕೆಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಫೋನು ಬರದೆ ಬಹಳ ಹೊತ್ತಾಯಿತು. ಜೀವ ಬಂತು. ಸುಶೀಲ ಕೊಟ್ಟ ಕಾಫಿಗೆ ರುಚಿಯೂ ಬಂತು. ಸಂಜೆ ಹೊತ್ತಿಗೆ ಫೋನಿನ ಗಂಟೆ ಬಾರಿಸಿತು.

‘ಗೆದ್ದ ಕಣ್ ಭಾವ! ನನ್ನ ಎಡಚ ಗೆದ್ಬುಟ್ಟ! ಆ ಇನ್ನೊಬ್ಬ ಜಾರಿ ಬಿದ್ದು ಎದ್ದು, ಬಿದ್ದು ಎದ್ದು, ಸಾಕಾಗೋದ. ಬೆಳಿಗ್ಗೆನೇ ಗಾಡಿ ತತ್ತೀನಿ, ಅಕ್ಕಂಗೆ ನೀವೇ ಏಳ್ಬುಡಿ’ ಎಂದು ಕೂಗಿ ಫೋನಿಟ್ಟ. ನಾನು ಕೊಟ್ಟಿಗೆಗೆ ಹೋದೆ. ಸುಶೀಲ ಕರುವಿನ ಕಿವಿಯಿಂದ ಉಣ್ಣೆಹುಳು ತೆಗೆಯುತ್ತಿದ್ದಳು. ‘ಯಾಕ್ರೀ, ಮೊಕ ಇಂಗ್ ಮಾಡ್ಕಂಡಿದೀರಿ, ಮಂಡಿ ನೋವಾ?’ ಎಂದಳು. ಹೌದೆಂದೆ.

ಆಗ ಕರೆಂಟು ಬಂತು. ನಡುಮನೆಯಲ್ಲಿ ಟೀವಿ ತಾನಾಗಿಯೇ ಕೂಗಿಕೊಂಡಿತು. ಸೋತವನ ಮೋರೆಯನ್ನಾದರೂ ನೋಡಿ ಶಪಿಸೋಣವೆಂದು ಹೋದೆ. ಗೆದ್ದವನು ಅಂಕಣದ ಅಂಚಿನಲ್ಲಿ ನಿಂತು, ಬೇಲಿಯಾಚೆಯ ಮಕ್ಕಳು ಒಡ್ಡಿದ ದೊಡ್ಡ ಚೆಂಡುಗಳ ಮೇಲೆ ಸಹಿ ಹಾಕುತ್ತಿದ್ದ. ಹಣೆಗೆ ಬಿಳಿಯ ತಲೆಪಟ್ಟಿ. ಅದೇ, ನನ್ನವನು! ನನ್ನವನೇ ಗೆದ್ದಿದ್ದಾನೆ, ಈ ಕಳ್ಳ ಬಾಮೈದ ಸುಳ್ಳು ಹೇಳಿದನೇ? ಆಮೇಲೆ ಅವನ ಪೆನ್ನು ಕಂಡಿತು. ಪೆನ್ನು ಅವನ ಎಡಗೈಯಲ್ಲಿತ್ತು.

ಕುರ್ಚಿಯ ಮೇಲೆ ಕುಸಿದು ಕೂತೆ. ಸದ್ಯ! ಎದೆಯ ಮೇಲಿಂದ ಯಾರೋ ಒರಳುಕಲ್ಲು ಎತ್ತಿಟ್ಟಂತಾಯಿತು. ಎಡಚನೂ ಅವನೇ, ತಲೆಪಟ್ಟಿಯವನೂ ಅವನೇ. ನಾವಿಬ್ಬರೂ ಒಬ್ಬನೇ ಮನುಷ್ಯನ ಪರ ನಿಂತು ಪರಸ್ಪರ ತೊಡೆ ತಟ್ಟಿದ್ದೆವು. ಜಾರಿ ಬಿದ್ದು ಬಿದ್ದು ಸಾಕಾದ ಆ ಬಡಪಾಯಿಯ ಪರ ಒಂದು ತೆಂಗಿನಕಾಯಿಯೂ ಇರಲಿಲ್ಲ. ಎದುರಾಳಿಯೇ ಇಲ್ಲದ ಮೇಲೆ ಬಾಜಿಯೆಲ್ಲಿ ಬಂತು? ರಾಜ್ಯಶಾಸ್ತ್ರದಲ್ಲಿ ಇದಕ್ಕೆ ಅವಿರೋಧ ಆಯ್ಕೆ ಎನ್ನುತ್ತಾರೆ. ಪುಟ್ಟರಾಜುವಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಆಟ ನೋಡಿ ನೋಡಿ ಬ್ಯಾಟರಿ ಬರಿದಾಗಿರಬೇಕು.

ಬೆಳಿಗ್ಗೆ ನಾನು ಕತ್ತರಿ ಹಿಡಿದು ಲಾನಿನಲ್ಲಿ ಕೂತಿರುವಾಗಲೇ ಅವನ ಪಿಕಪ್ ಗಾಡಿ ಬಂದು ನಿಂತಿತು. ಇಳಿದವನ ಹೆಗಲ ಮೇಲೆ ಹೊಸ ಹಗ್ಗ. ಅವನು ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಒದರಿದೆ. ನಂಬಲಿಲ್ಲ. ಅವನದೇ ಫೋನಿನಲ್ಲಿ ಪಂದ್ಯದ ತುಣುಕು ಹಾಕಿಸಿ ತೋರಿಸಿದೆ. ನೋಡಿದ, ಮತ್ತೆ ನೋಡಿದ, ಹಗ್ಗವನ್ನು ತಡಿಕೆಗೆ ನೇತುಹಾಕಿ ನಗತೊಡಗಿದ. ‘ತಲೆಪಟ್ಟಿ ಅಂದಿದ್ದು ನಂಗೆಲ್ಲಿ ಕೇಳುಸ್ತು, ಆ ವಾಲಗದಲ್ಲಿ? ನಾನು ಎಡಚ ಅಂದ್ಮೇಲೆ ನೀವು ಇನ್ನೊಬ್ಬನ ಕಡೆನೇ ಅಂತ ಅನ್ಕಂಬುಟ್ಟೆ. ಭಾವ ಯಾವತ್ತು ನನ್ ಕಡೆ ಇದ್ರು?’

ಅವನು ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಅದು ಸ್ವಲ್ಪ ಚುಚ್ಚಿತು. ಅವನ ಅಕ್ಕನ ಮದುವೆಯಾದಂದಿನಿಂದ ನಾವು ಎದುರು ಬದುರು ನಿಂತೇ ಸ್ನೇಹಿತರಾದವರು. ಎಂದಾದರೂ ಒಂದು ಸಲ ಅವನು ಹೇಳುವುದನ್ನು ಪೂರ್ತಿ ಕೇಳಿ ಆಮೇಲೆ ಬೇಡವೆಂದಿದ್ದೆನೋ ಇಲ್ಲವೋ. ಅಷ್ಟರಲ್ಲಿ ಸುಶೀಲ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

‘ಅಗ್ಗ ಯಾಕ್ ತಂದಿದೀಯಲಾ?’ ಎಂದಳು.

ಅಕ್ಕನ ಮುಂದೆ ಸುಳ್ಳು ಹೇಳುವ ಶಕ್ತಿ ಪುಟ್ಟರಾಜುವಿಗಿಲ್ಲ. ಗೃಹಪ್ರವೇಶದಿಂದ ಮೊದಲು ಮಾಡಿ ಎಡಗೈಯ ಪೆನ್ನಿನವರೆಗೆ ಒಪ್ಪಿಸಿಬಿಟ್ಟ. ಅವಳು ನನ್ನ ಮುಖ ನೋಡಲಿಲ್ಲ. ಚೆಲುವಿ ಅವಳ ಹಿಂದೆಯೇ ಬಂದು ಸೆರಗು ಜಗಿಯುತ್ತಿತ್ತು. ಅದರ ಹಣೆಯ ಮೇಲೆ ಕೈಯಿಟ್ಟಳು.

‘ಇದು ಯಾರ್ದಲಾ?’

‘ನಿಂದು ಕಣಕ್ಕ.’

‘ಅಂಗಿದ್ಮೇಲೆ ಅದ್ಯಾವನು ಗೆದ್ರೇನು, ಯಾವನು ಸೋತ್ರೇನು? ಗೆದ್ದೋನು ಬಂದು ನನ್ನ ಕೇಳ್ಬೇಕಾಗಿತ್ತು. ನಾನು ಕೊಡಾಕಿಲ್ಲ ಅಂತಿದ್ದೆ. ಮುಗೀತು. ಬಾ, ತಿಂಡಿ ತಿನ್ನು.’ ಆಮೇಲೆ ನನ್ನ ಕಡೆ ತಿರುಗಿದಳು. ‘ನೀವೂ ಅಷ್ಟೇ. ಬೆಟ್ ಕಟ್ಟಾದಿದ್ರೆ ನಿಮ್ದು ಏನಾರ ಇದ್ರೆ ಕಟ್ಟಿ.’

ಎರಡು ದಿನ ನಾನು ಬೆವರಿದ್ದು, ಬಸ್ಸಿನಲ್ಲಿ ಪ್ರಾಣ ಬಿಟ್ಟದ್ದು, ಪೆನ್ನು ಕಂಡು ಬದುಕಿದ್ದು, ಇದಾವುದೂ ಅಗತ್ಯವೇ ಇರಲಿಲ್ಲ. ಆ ಕರು ಯಾವ ಹೊತ್ತಿನಲ್ಲೂ ಪಣದಲ್ಲಿರಲೇ ಇಲ್ಲ. ಅವಮಾನವಾಗಬೇಕಿತ್ತು, ನಿಜ ಹೇಳುತ್ತೇನೆ, ಪೆನ್ನು ಕಂಡಾಗ ಆದದ್ದಕ್ಕಿಂತ ದೊಡ್ಡ ನೆಮ್ಮದಿಯಾಯಿತು. ನನ್ನದು ಎನ್ನುವುದು ಅಲ್ಲಿ ಒಂದೇ ಇತ್ತು, ನಾನು ಅದರ ನಡುವೆಯೇ ಕತ್ತರಿ ಹಿಡಿದು ಕೂತಿದ್ದೆ. ಎದ್ದು ತಡಿಕೆಯ ಬಾಗಿಲು ತೆಗೆದೆ. ಚೆಲುವಿ ಒಂದು ಗಳಿಗೆ ಅನುಮಾನದಿಂದ ನೋಡಿ, ಆಮೇಲೆ ಒಳಗೆ ಕಾಲಿಟ್ಟು ಮೇಯತೊಡಗಿತು.

ಪುಟ್ಟರಾಜುವಿನ ನಾಲಗೆ ಸುಮ್ಮನಿರಬೇಕಲ್ಲ. ‘ಭಾವ, ಸಂಜೆ ಒತ್ಗೆ ಒಂದೆಸಳೂ ಉಳ್ಯಾಕಿಲ್ಲ. ಏನಂತೀರಿ?’

ಉಳಿಯುತ್ತದೆ ಎಂಬ ಮಾತು ಅಭ್ಯಾಸಬಲದಿಂದ ತುಟಿಗೆ ಬಂದಿತ್ತು. ನುಂಗಿಕೊಂಡೆ. ‘ಉಳಿಯೋಲ್ಲ ಕಣೋ’ ಎಂದೆ, ‘ಈ ಸಲ ನಾನು ನಿನ್ನ ಕಡೆ.’

ಲಾನು ಮತ್ತೆ ಚಿಗುರಿದೆ. ತಡಿಕೆಯ ಬಾಗಿಲನ್ನು ನಾನು ಹಾಕುವುದಿಲ್ಲ. ಕತ್ತರಿ ಅಡುಗೆಮನೆ ಸೇರಿದೆ; ಹುಲ್ಲಿನ ಕ್ಷೌರ ಈಗ ಚೆಲುವಿಯದು, ಹಾಗೂ ನಾನು ಮಾಡುತ್ತಿದ್ದುದಕ್ಕಿಂತ ಸಮವಾಗಿಯೇ ಮಾಡುತ್ತದೆ.